ವೇಬ್ರಿಡ್ಜಿನ ಕಂಪ್ಯೂಟರ್ ಹಳೆಯ ಹೆಸರು ಹೇಳಿದ ದಿನ

ನಿವೃತ್ತಿಯಾದ ಮೇಲೆ ಮನುಷ್ಯರು ಮೆತ್ತಗಾಗುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ನಾನಂತೂ ಆಗಿಲ್ಲ. ಹೊಸಪೇಟೆಯ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುವಾಗ ಒಮ್ಮೊಮ್ಮೆ ಹಳೆಯ ಸಾಹೇಬರೊಬ್ಬರ ಮುಖ ನೆನಪಾಗುತ್ತದೆ, ಕೈ ಬಿರುಸಾಗುತ್ತದೆ. ರೈಲ್ವೆಯಲ್ಲಿದ್ದು ನಿವೃತ್ತರಾದ ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಆ ಮೆಂತೆ ಪಲ್ಲೆ ನಿನಗೇನ್ ಮಾಡೇತಿ?" ಎಂದು ಕೇಳುತ್ತಾರೆ.

ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಯಾವ ಕೋರ್ಸು ಮಾಡಬೇಕು, ಯಾವ ಸರ್ಟಿಫಿಕೇಟಿಗೆ ಬೆಲೆ ಇದೆ ಎಂದು ಕೇಳುತ್ತಾರೆ. ಅದನ್ನು ಹೇಳುವವರು ಊರ ತುಂಬ ಇದ್ದಾರೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂದೂ ಬರೆಯುವುದಿಲ್ಲ, ಏರಿದ್ದೇ ಕಡಿಮೆ. ಕೆಲಸ ಅಂದರೆ ನಿಜವಾಗಿ ಏನಿತ್ತು, ಅದರಲ್ಲಿ ಎಲ್ಲಿ ತಲೆ ಬಾಗಬೇಕು, ಎಲ್ಲಿ ಬಾಗಬಾರದು ಎಂಬುದನ್ನು ಮಾತ್ರ ಬರೆಯುತ್ತೇನೆ. ಇಷ್ಟವಿದ್ದವರು ಓದಲಿ.

ತೋರಣಗಲ್ಲಿನಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಕಾರ್ಖಾನೆ ಇತ್ತು. ದೊಡ್ಡ ಕಾರ್ಖಾನೆಯ ಸುತ್ತ ಹುಟ್ಟಿಕೊಂಡ ಸಣ್ಣವುಗಳಲ್ಲಿ ಅದೂ ಒಂದು. ಸಂಡೂರಿನ ಗಣಿಯಿಂದ ಅದಿರು ಒಳಗೆ ಬರುತ್ತಿತ್ತು, ಸ್ಪಾಂಜ್ ಕಬ್ಬಿಣ ಹೊರಗೆ ಹೋಗುತ್ತಿತ್ತು. ಮಾಲೀಕರು ಬದಲಾದರು, ಹೆಸರು ಬದಲಾಯಿತು, ಕೊನೆಗೆ ಕಾರ್ಖಾನೆಯೇ ಮುಚ್ಚಿಹೋಯಿತು. ಹಾಗಾಗಿ ಯಾರೂ ಅದರ ಬೋರ್ಡು ಹುಡುಕಿಕೊಂಡು ಹೋಗುವುದು ಬೇಡ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿದ್ದ ಹೊಸಪೇಟೆಯ ಶ್ರೀನಿವಾಸಾಚಾರ್ಯರು. ಹಣೆಯ ಮೇಲೆ ಅಂಗಾರ ಅಕ್ಷತೆ, ಜೇಬಿನಲ್ಲಿ ಸ್ಕ್ರೂಡ್ರೈವರ್. ನನ್ನ ಇಂಟರ್‌ವ್ಯೂನಲ್ಲಿ ಬೇರೆಯವರೆಲ್ಲ ಮದುವೆ ಯಾವಾಗ, ಮಕ್ಕಳು ಎಷ್ಟು ಎಂದು ಕೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಬರ್ತದೇನಮ್ಮ?" ನಾನು "ಬರುತ್ತದೆ, ಆದರೆ ಗೊತ್ತಿರುವುದನ್ನು ಗೊತ್ತಿಲ್ಲ ಅನ್ನಲು ಬರುವುದಿಲ್ಲ" ಎಂದೆ. ಸೊಕ್ಕಿನ ಹುಡುಗಿ ಎಂದು ಉಳಿದವರು ಮೂಗು ಮುರಿದರಂತೆ. ಆಚಾರ್ಯರು ನಕ್ಕು ಸಹಿ ಹಾಕಿದರು.

ಅವರು ನನಗೆ ಮೊದಲು ಕಲಿಸಿದ್ದು ಡೊಮೇನ್ ಹೆಸರಿನ ವಿಷಯ. ನಮ್ಮ ಕಾರ್ಖಾನೆಯಲ್ಲಿ ಗೇಟು, ಉಗ್ರಾಣ, ಲ್ಯಾಬು, ಲಾರಿ ತೂಗುವ ವೇಬ್ರಿಡ್ಜು, ಹೀಗೆ ಎಲ್ಲ ಕಡೆ ಒಂದೊಂದು ಕಂಪ್ಯೂಟರ್ ಇತ್ತು. ಯಾರು ಒಳಗೆ ಹೋಗಬಹುದು, ಅವರ ಪಾಸ್‌ವರ್ಡ್ ಯಾವುದು ಎಂಬ ಮಾಹಿತಿ ಮಾತ್ರ ನಮ್ಮ ಕೋಣೆಯ ಒಂದೇ ಸರ್ವರಿನಲ್ಲಿ ಇರುತ್ತಿತ್ತು. ಎಲ್ಲ ಯಂತ್ರಗಳಿಗೂ ಸೇರಿ ಒಂದು ಡೊಮೇನ್ ಹೆಸರು, ನಮ್ಮ ಕಡೆ ಮನೆತನಕ್ಕೊಂದು ಹೆಸರು ಇರುವ ಹಾಗೆ. ಯಂತ್ರವೊಂದು ಆ ಹೆಸರು ಹೇಳಿದರೆ ಸರ್ವರ್ ಬಾಗಿಲು ತೆಗೆಯುತ್ತದೆ. ಬೇರೆ ಹೆಸರು ಹೇಳಿದರೆ ನೀನು ಯಾರೋ, ನಾನು ಯಾರೋ ಎಂದು ಸುಮ್ಮನಿರುತ್ತದೆ.

ಈ ಹೆಸರಿನ ಜೊತೆ ವ್ಯವಹರಿಸಲು ಎರಡು ಸಿಸ್ಟಂ ಕಾಲ್‌ಗಳಿವೆ. ಸಿಸ್ಟಂ ಕಾಲ್ ಅಂದರೆ ಪ್ರೋಗ್ರಾಮು ಯಂತ್ರದ ಒಡಲಿನಲ್ಲಿರುವ ಕರ್ನಲ್ ಎಂಬ ಯಜಮಾನನಿಗೆ ಸಲ್ಲಿಸುವ ಅರಿಕೆ. ಗೆಟ್‌ಡೊಮೇನ್‌ನೇಮ್ ಹೆಸರನ್ನು ಓದಿ ಹೇಳುತ್ತದೆ, ಅದನ್ನು ಯಾರು ಬೇಕಾದರೂ ಕೇಳಬಹುದು. ಸೆಟ್‌ಡೊಮೇನ್‌ನೇಮ್ ಹೆಸರನ್ನು ಕೂರಿಸುತ್ತದೆ, ಅದಕ್ಕೆ ರೂಟ್ ಅಧಿಕಾರ ಬೇಕು. ರೂಟ್ ಅಂದರೆ ಯಂತ್ರದಲ್ಲಿ ಎಲ್ಲವನ್ನೂ ಮಾಡಬಲ್ಲ ಖಾತೆ, ಅದು ಯಂತ್ರದೊಳಗೇ ಇರುತ್ತದೆ, ಸರ್ವರ್ ಬಾಗಿಲು ತೆಗೆಯದಿದ್ದರೂ ಅದರಿಂದ ಒಳಗೆ ಹೋಗಬಹುದು. ಅದರ ಪಾಸ್‌ವರ್ಡ್ ಇಲ್ಲದವನು ತಿಪ್ಪರಲಾಗ ಹಾಕಿದರೂ ಹೆಸರು ಅಲುಗುವುದಿಲ್ಲ.

ಹೀಗೆ ಕೂರಿಸಿದ ಹೆಸರು ಯಂತ್ರ ಚಾಲೂ ಇರುವವರೆಗೆ ಮಾತ್ರ ಅದರ ನೆನಪಿನಲ್ಲಿ ಇರುತ್ತದೆ. ಆರಿಸಿದರೆ ಹೋಯಿತು. ಮತ್ತೆ ಹಚ್ಚಿದಾಗ ಯಂತ್ರ ತನ್ನ ಡಿಸ್ಕಿನಲ್ಲಿರುವ ಒಂದು ಫೈಲನ್ನು ನೋಡಿ, ಅಲ್ಲಿ ಬರೆದ ಹೆಸರನ್ನು ಹೊಸದಾಗಿ ಕೂರಿಸಿಕೊಳ್ಳುತ್ತದೆ. ಆದ್ದರಿಂದ ಹೆಸರು ಬದಲಿಸುವವರು ಎರಡು ಕಡೆ ಬದಲಿಸಬೇಕು. "ಬಾಯಿಲೆ ಹೇಳಿ ಕೈ ತೊಳ್ಕೊಬ್ಯಾಡ ಸರೋಜಾ, ಫೈಲಿನಾಗೂ ಬರೀ. ನಾಳೆ ಕರೆಂಟ್ ಹೋಗ್ತದ" ಎಂದು ಆಚಾರ್ಯರು ಮೇಲಿಂದ ಮೇಲೆ ಹೇಳುತ್ತಿದ್ದರು. ಅವರೊಂದಿಗೆ ನಾನು ಹತ್ತಾರು ವಿಷಯಕ್ಕೆ ಜಗಳಾಡಿದ್ದೇನೆ, ಇದಕ್ಕೆ ಮಾತ್ರ ಆಡಲಿಲ್ಲ.

ಆಗಿನ ಜನರಲ್ ಮ್ಯಾನೇಜರ್ ಭಾರಿ ದೈವಭಕ್ತರು. ಕಾರ್ಖಾನೆಗೆ ಡೊಮೇನ್ ಹೆಸರು ಇಡುತ್ತಾರೆ ಎಂದು ಕೇಳಿ, ಲಾರಿಯ ಹಣೆಯ ಮೇಲೆ ಬರೆಸುವ ಹಾಗೆ ಒಂದು ಹೆಸರು ಕಳಿಸಿದರು. ಮೊದಲು ಹುಲಿಗೆಮ್ಮದೇವಿಯ ಕೃಪೆ, ಆಮೇಲೆ ಅವರ ತಂದೆಯ ಆಶೀರ್ವಾದ, ಅದಾದ ಮೇಲೆ ಕಂಪನಿಯ ಪೂರ್ತಿ ಹೆಸರು, ಕೊನೆಗೆ ಊರು ಮತ್ತು ಜಿಲ್ಲೆ. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕೂರಿಸಲು ಹೋದರೆ ಕರ್ನಲ್ ಒಲ್ಲೆ ಎಂದಿತು. ಆ ಹೆಸರಿನ ಉದ್ದಕ್ಕೆ ಒಂದು ಮಿತಿ ಇದೆ. ಆಚಾರ್ಯರು ಹಣೆ ಒರೆಸಿಕೊಂಡು, "ನೀನೇ ಹೋಗಿ ಹೇಳು, ನನಗೆ ದೇವರ ವಿಷಯ ಬ್ಯಾಡ" ಎಂದು ನನ್ನನ್ನು ಮುಂದೆ ದೂಡಿದರು.

"ದೇವ್ರ ಹೆಸರಿಗೆ ಜಾಗ ಇಲ್ಲದ ಮಷೀನು ಯಾವ ಸೀಮಿದು?" ಎಂದರು ಜನರಲ್ ಮ್ಯಾನೇಜರ್.

"ದೇವ್ರಿಗೆ ಜಾಗ ಐತ್ರಿ ಸರ, ನಿಮ್ಮ ಅಪ್ಪಾರಿಗೆ ಮತ್ತ ಜಿಲ್ಲಾಕ್ಕ ಇಲ್ಲ" ಎಂದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲೀಕರ ಪುಟ್ಟ ಹೆಸರಷ್ಟೇ ಕೂತಿತು, ದೇವಿಯ ಫೋಟೊ ಸರ್ವರಿನ ನೆತ್ತಿಯ ಮೇಲೆ ಬಂತು. ಹಿಂದಿನ ಮೇಲಧಿಕಾರಿಗಳೆಲ್ಲ ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ಮುಖಕ್ಕೆ ಹೊಡೆದಂತೆ ಹೇಳಿದರೂ ಕೇಳಿಸಿಕೊಳ್ಳುವವರು ಕೆಲವರು ಇದ್ದರು, ಅಷ್ಟೇ.

ಕಂಪ್ಲಿಯಲ್ಲಿ ನಮ್ಮದೊಂದು ಲಾರಿ ಬಾಡಿಗೆಯ ಕಚೇರಿ ಇತ್ತು. ಒಂದು ಸಲ ಅಲ್ಲಿ ಯಾರೂ ಕಂಪ್ಯೂಟರಿನ ಒಳಗೆ ಹೋಗಲಾಗದೆ ಕೂತಿದ್ದಾರೆ ಎಂದು ಫೋನ್ ಬಂತು. ಬಸ್ಸು ಹಿಡಿದು ಹೋದೆ. ಯಂತ್ರ ಮಾರಿದ ಕಂಪನಿಯ ಎಂಜಿನಿಯರ್ ಒಬ್ಬ ಹಿಂದಿನ ದಿನ ಬಂದು ರಿಪೇರಿ ಮಾಡಿದ್ದ. ಈಗ ಕೇಬಲ್ ಮೇಲೆ ಕೇಬಲ್ ಬದಲಿಸುತ್ತ ನೆಲದ ಮೇಲೆ ಕೂತಿದ್ದ. ಹೆಸರು ಓದಿ ನೋಡಿದೆ. ನಮ್ಮ ಡೊಮೇನ್ ಇರಬೇಕಾದಲ್ಲಿ ನಮ್ಮ ಕಾರ್ಖಾನೆಯ ಇಂಟರ್ನೆಟ್ ವಿಳಾಸವನ್ನು ಕೂರಿಸಿದ್ದ. ಎರಡನ್ನೂ ಡೊಮೇನ್ ಎಂದೇ ಕರೆಯುತ್ತಾರೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹೇಳಿದರೆ, "ಮೇಡಂ, ಡೊಮೇನ್ ಅಂದ್ರೆ ಡೊಮೇನ್" ಎಂದು ನನಗೇ ಪಾಠ ಶುರು ಮಾಡಿದ. "ತಮ್ಮಾ, ಮೊದಲ ಆ ಕೇಬಲ್ ಬಿಟ್ಟು ಏಳು" ಎಂದು ಅವನನ್ನು ಎಬ್ಬಿಸಿ, ಸರಿಯಾದ ಹೆಸರು ಕೂರಿಸಿ, ಫೈಲಿನಲ್ಲೂ ಬರೆದು ಬಂದೆ. ಅವನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ತಪ್ಪು ಮಾಡಿದವನು ನೆಲದ ಮೇಲೆ ಕೂತು ಒದ್ದಾಡುವುದನ್ನು ನಾನು ಕ್ಷಮಿಸಬಲ್ಲೆ. ಕುರ್ಚಿಯಲ್ಲಿ ಕೂತು ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವವರನ್ನು ಕ್ಷಮಿಸಲಾರೆ.

ಅಂಥವರು ಬಂದದ್ದು ಆಚಾರ್ಯರು ನಿವೃತ್ತರಾಗಿ, ಕಾರ್ಖಾನೆ ಹೊಸ ಮಾಲೀಕರ ಕೈಗೆ ಹೋದ ಮೇಲೆ. ಆಚಾರ್ಯರ ಜಾಗಕ್ಕೆ ಬಂದವರ ಹೆಸರು ಬರೆಯುವುದಿಲ್ಲ, ಹೊಸ ಸಾಹೇಬರು ಎನ್ನುತ್ತೇನೆ. ಬಂದ ವಾರವೇ ರೂಟ್ ಪಾಸ್‌ವರ್ಡ್ ಬದಲಿಸಿ ತಮ್ಮೊಬ್ಬರ ಹತ್ತಿರವೇ ಇಟ್ಟುಕೊಂಡರು. ಯಂತ್ರಗಳಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರಿದೆ, ದಸರೆಗೆ ಹೊಸ ಮಾಲೀಕರು ಬಂದು ನೋಡುವ ಹೊತ್ತಿಗೆ ಅದು ಎಲ್ಲಿಯೂ ಕಾಣಬಾರದು ಎಂದು ಡೊಮೇನ್ ಬದಲಿಸಲು ಹೊರಟರು. ತಮ್ಮ ಮೇಜಿನಿಂದಲೇ ಒಂದೊಂದು ಯಂತ್ರಕ್ಕೂ ರೂಟ್ ಆಗಿ ಹೊಕ್ಕು ಹೊಸ ಹೆಸರು ಕೂರಿಸಿದರು. ಸರ್ವರಿನಿಂದ ಹಳೆಯ ಹೆಸರನ್ನು ಅಳಿಸಿಹಾಕಿದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಲಸ ಮುಗಿಯಿತು.

"ಸರ, ಫೈಲಿನಾಗ ಬರದಿಲ್ರಿ. ಯಾವ ಮಷೀನ್ ಆಫ್ ಆದ್ರೂ ಹಳೇ ಹೆಸರು ಬರ್ತೈತಿ" ಎಂದೆ.

"ಯಾವುದೂ ಆಫ್ ಆಗಲ್ಲ ಮೇಡಂ. ಯುಪಿಎಸ್ ಇದೆಯಲ್ಲ. ನಿಧಾನಕ್ಕೆ ಮಾಡೋಣ" ಎಂದರು.

"ಮುಂದಿನ ವಾರ ಆಯುಧಪೂಜೆ ಐತ್ರಿ."

"ಈ ವರ್ಷ ಯಾವ ಕಂಪ್ಯೂಟರನ್ನೂ ಆರಿಸಬಾರದು ಅಂತ ಸುತ್ತೋಲೆ ಹಾಕ್ತೀನಿ."

ಸುತ್ತೋಲೆ ಇಂಗ್ಲಿಷಿನಲ್ಲಿ ಬಂತು, ನೋಟಿಸ್ ಬೋರ್ಡಿನ ಗಾಜಿನ ಹಿಂದೆ ನಿಂತಿತು. ನಮ್ಮ ಕಡೆ ಆಯುಧಪೂಜೆ ಅಂದರೆ ಲೇತಿನಿಂದ ಹಿಡಿದು ಲಾರಿಯವರೆಗೆ ಎಲ್ಲವೂ ನಿಲ್ಲುವ ದಿನ. ದುಡಿಯುವ ಯಂತ್ರಕ್ಕೆ ಪೂಜೆ ಮಾಡುವುದಿಲ್ಲ. ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ, ರಾತ್ರಿಯೆಲ್ಲ ಅದರ ಪಾಡಿಗೆ ಬಿಡುತ್ತಾರೆ. ಸುತ್ತೋಲೆಯ ಕಾರಣಕ್ಕೆ ಆಫೀಸಿನವರು ಚಾಲೂ ಇದ್ದ ಕಂಪ್ಯೂಟರುಗಳಿಗೇ ಹೂವಿಟ್ಟು ಕೈ ಮುಗಿದರು. ವೇಬ್ರಿಡ್ಜಿನಲ್ಲಿ ಮಾತ್ರ ಹುಲಿಗೆಪ್ಪ ವಾಡಿಕೆಯಂತೆ ಯಂತ್ರ ಆರಿಸಿದ.

ಹುಲಿಗೆಪ್ಪ ಕಂಪ್ಲಿ ತಾಲೂಕಿನ ಮೆಟ್ರಿಯವನು. ಊರಲ್ಲಿ ಅಣ್ಣತಮ್ಮಂದಿರ ಪಾಲಿನ ಭತ್ತದ ಗದ್ದೆ, ಇಲ್ಲಿ ಗುತ್ತಿಗೆಯ ಕೆಲಸ. ಲಾರಿ ಬಂದರೆ ತೂಗುವುದು, ಚೀಟಿ ಕೊಡುವುದು, ಕೈ ಬೀಸಿ ಮುಂದಿನದನ್ನು ಕರೆಯುವುದು. ಮಾತು ಕಡಿಮೆ, ಚಹಾ ಜಾಸ್ತಿ. ಪೂಜೆಯ ಮರುದಿನ ಬೆಳಿಗ್ಗೆ ಅವನು ಯಂತ್ರ ಹಚ್ಚಿದರೆ ಒಳಗೆ ಹೋಗಲು ಆಗಲಿಲ್ಲ. ಅದಿರಿನ ಲಾರಿಗಳು ಗೇಟು ದಾಟಿ ರಸ್ತೆಯ ತನಕ ನಿಂತವು. ಹೊಸ ಸಾಹೇಬರು ಓಡಿ ಬಂದು ರೂಟ್ ಆಗಿ ಹೊಕ್ಕು ಡೊಮೇನ್ ಹೆಸರು ಕೇಳಿದರು. ಪರದೆಯ ಮೇಲೆ ಹಳೆಯ ಮಾಲೀಕರ ಹೆಸರು ಬಂತು. ಅದೇ ಹೊತ್ತಿಗೆ ಹೊಸ ಮಾಲೀಕರ ಕಾರು ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡು ಹಾರ್ನ್ ಹೊಡೆಯುತ್ತಿತ್ತು.

ಮಧ್ಯಾಹ್ನದೊಳಗೆ ಕಥೆ ತಯಾರಾಯಿತು. ಹುಲಿಗೆಪ್ಪ ಹಳೆಯ ಮಾಲೀಕರ ಕಡೆಯವನು, ಪೂಜೆಯ ನೆಪದಲ್ಲಿ ಯಂತ್ರಕ್ಕೆ ಕೈ ಹಾಕಿ ಬೇಕೆಂದೇ ಹಳೆಯ ಹೆಸರು ಕೂರಿಸಿದ್ದಾನೆ. ಅವನ ಗೇಟ್ ಪಾಸ್ ಕಿತ್ತುಕೊಂಡು ಹೊರಗೆ ಕಳಿಸಿದರು. ತೋರಣಗಲ್ಲಿನ ಸುತ್ತ ಗುತ್ತಿಗೆಯಲ್ಲಿ ದುಡಿಯುವವರಿಗೆ ಇದರ ಅರ್ಥ ಗೊತ್ತು. ಒಂದು ಗೇಟಿನಲ್ಲಿ ಯಂತ್ರ ಕೆಡಿಸಿದವನು ಎಂದು ಬರೆದರೆ ಮತ್ತೆ ಯಾವ ಗೇಟೂ ತೆರೆಯುವುದಿಲ್ಲ.

ನಾನು ಹೊರಗೆ ಹೋದೆ. ಹುಲಿಗೆಪ್ಪ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ, ಚಹಾ ಕುಡಿಯುತ್ತಿರಲಿಲ್ಲ.

"ಅಕ್ಕಾರ, ನಾ ಏನೂ ಒತ್ತಿಲ್ರಿ. ಆಫ್ ಮಾಡಿದೆ, ಒರಸಿದೆ, ಪೂಜಿ ಮಾಡಿದೆ. ಮುಂಜಾನೆ ಹಚ್ಚಿದೆ. ಅಷ್ಟ."

"ಗೊತ್ತೈತಿ."

"ನಿಮಗ ಗೊತ್ತಿದ್ರ ಏನ್ ಬಂತ್ರಿ? ಅವರಿಗೆ ಹೇಳ್ರಿ."

ಅವನು ಬೇಡಿಕೊಳ್ಳಲಿಲ್ಲ, ಗದರಿದ. ಸರಿಯಾಗಿಯೇ ಗದರಿದ. ನನಗೆ ಗೊತ್ತಿದ್ದು ನನ್ನೊಳಗೇ ಇದ್ದರೆ ಮೆಟ್ರಿಯಲ್ಲಿ ಅವನ ಹೆಂಡತಿ ಮಕ್ಕಳಿಗೆ ಅದರಿಂದ ಏನು ಉಪಯೋಗ?

ಸಂಜೆ ಹೊಸ ಸಾಹೇಬರು ನನ್ನನ್ನು ಕರೆದು ಒಂದು ಹಾಳೆ ಮುಂದೆ ತಳ್ಳಿದರು. ಡೊಮೇನ್ ಹೆಸರನ್ನು ವೇಬ್ರಿಡ್ಜಿನ ಆಪರೇಟರ್ ಬದಲಿಸಿದ್ದಾನೆ ಎಂದು ತಾಂತ್ರಿಕ ವರದಿ, ಕೆಳಗೆ ನನ್ನ ಸಹಿಗೆ ಜಾಗ. ಧ್ವನಿ ಬೆಣ್ಣೆಯಂತಿತ್ತು.

"ನೀವು ಸೀನಿಯರ್. ನಿಮ್ಮ ಸಹಿ ಇದ್ರೆ ಯಾರೂ ಪ್ರಶ್ನೆ ಮಾಡಲ್ಲ. ರೂಟ್ ಪಾಸ್‌ವರ್ಡ್ ಕೂಡ ನಿಮಗೇ ವಾಪಸ್ ಕೊಡ್ತೀನಿ."

"ಸರ, ಅಂವಗ ರೂಟ್ ಇಲ್ಲ. ರೂಟ್ ಇಲ್ದೇ ಹೆಸರು ಕೂರಸಾಕ ಆಗಂಗಿಲ್ಲ. ಇದು ನಿಮಗೂ ಗೊತ್ತೈತಿ."

"ಒಬ್ಬ ಗುತ್ತಿಗೆ ಕೆಲಸಗಾರನಿಗಾಗಿ ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀರಿ?"

ಆ ಮಾತು ಕೇಳಿ ನನ್ನ ಮೈ ಉರಿಯಿತು. ಸುಳ್ಳಿಗಿಂತ ಹೆಚ್ಚು ಉರಿಸಿದ್ದು ಆ "ಒಬ್ಬ" ಎಂಬ ಮಾತು. ಹಾಳೆಯನ್ನು ಅವರ ಕಡೆಗೇ ತಿರುಗಿಸಿ ಇಟ್ಟು, "ನೀವ ಮಾಡ್ರಿ ಸಹಿ" ಎಂದು ಎದ್ದುಬಂದೆ. ಆ ರಾತ್ರಿ ವಿಷಯ ಕೇಳಿ ನನ್ನ ಗಂಡ, "ಕೆಲಸ ಹೋದ್ರ ಹೋಗ್ಲಿ, ನನ್ನ ಪಗಾರ ಐತಲ್ಲ" ಎಂದು ಅನ್ನ ಬಡಿಸಿಕೊಂಡರು. ಅವರು ಆಡಿದ ಮಾತುಗಳಲ್ಲಿ ಅದಕ್ಕಿಂತ ಚೆಂದದ್ದು ನನಗೆ ನೆನಪಿಲ್ಲ.

ವಿಚಾರಣೆ ಪ್ಲಾಂಟ್ ಮ್ಯಾನೇಜರ್ ಕೋಣೆಯಲ್ಲಿ ನಡೆಯಿತು. ಅವರು ಬಳ್ಳಾರಿಯವರು, ಮಾತಿನಲ್ಲಿ ಅರ್ಧ ತೆಲುಗು. ಹೊಸ ಸಾಹೇಬರು ಕುರ್ಚಿಯಲ್ಲಿ, ನಾನು ಕುರ್ಚಿಯಲ್ಲಿ, ಹುಲಿಗೆಪ್ಪ ಗೋಡೆಗೆ ಅಂಟಿ ನಿಂತಿದ್ದ.

"ಹುಲಿಗೆಪ್ಪ, ಕುಂದ್ರು" ಎಂದೆ.

ಎಲ್ಲರೂ ನನ್ನ ಕಡೆ ನೋಡಿದರು. ನಾನೇ ಎದ್ದು ಇನ್ನೊಂದು ಕುರ್ಚಿ ಎಳೆದು ಹಾಕಿದೆ. ಅವನು ತುದಿಯಲ್ಲಿ ಕೂತ.

"ಸುತ್ತೋಲೆ ಇದ್ದರೂ ಯಂತ್ರ ಯಾಕಪ್ಪ ಆರಿಸಿದೆ?" ಎಂದರು ಮ್ಯಾನೇಜರ್.

"ಓಡೋ ಮಷೀನಿಗೆ ಕುಂಕುಮ ಹಚ್ಚಂಗಿಲ್ರಿ ಸರ. ವರ್ಷಾನಗಟ್ಲೆ ದುಡೀತೈತಿ, ಅದಕ್ಕೂ ಒಂದು ದಿನ ಕುಂದ್ರಬೇಕಲ್ರಿ. ಸುತ್ತೋಲಿ ಓದಾಕ ನನಗ ಇಂಗ್ಲಿಷ್ ಬರಂಗಿಲ್ಲ, ಯಾರೂ ಹೇಳಲೂ ಇಲ್ಲ."

ಹೊಸ ಸಾಹೇಬರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಸರ, ಮಾತು ಬ್ಯಾಡ. ಸಾಹೇಬ್ರ ಮೇಜಿನ ಮ್ಯಾಗಿನ ಕಂಪ್ಯೂಟರ್ ಹೆಸರು ಬದಲಿ ಆದಾಗಿಂದ ಆಫ್ ಆಗಿಲ್ಲ. ಅದನ್ನ ಈಗ ಆಫ್ ಮಾಡಿ ಹಚ್ಚೂಣು. ನಾನೂ ಮುಟ್ಟಂಗಿಲ್ಲ, ಹುಲಿಗೆಪ್ಪನೂ ಮುಟ್ಟಂಗಿಲ್ಲ. ಸಾಹೇಬ್ರ ಮಾಡ್ಲಿ."

"ಇದೆಲ್ಲ ಅನಗತ್ಯ" ಎಂದರು ಹೊಸ ಸಾಹೇಬರು.

"ಚೂಸ್ತಾಂ ಪದಂಡಿ, ನಡೀರಿ ನೋಡೇಬಿಡೋಣ" ಎಂದು ಮ್ಯಾನೇಜರ್ ಎದ್ದರು.

ನಾಲ್ವರೂ ಪಕ್ಕದ ಕೋಣೆಗೆ ಹೋದೆವು. ಸಾಹೇಬರು ಯಂತ್ರ ಆರಿಸಿದರು, ಹಚ್ಚಿದರು. ಅವರು ದಿನವೂ ಹೊಡೆಯುವ ತಮ್ಮ ಹೆಸರು, ಪಾಸ್‌ವರ್ಡ್ ಹೊಡೆದರು. ಯಂತ್ರ ಒಳಗೆ ಬಿಡಲಿಲ್ಲ. ಮತ್ತೊಮ್ಮೆ ಹೊಡೆದರು, ಆಗಲೂ ಬಿಡಲಿಲ್ಲ. "ರೂಟ್ ಆಗಿ ಹೋಗ್ರಿ ಸರ, ಹೆಸರು ಕೇಳ್ರಿ" ಎಂದೆ. ಅವರೇ ಹೋದರು, ಅವರೇ ಕೇಳಿದರು. ಹಳೆಯ ಮಾಲೀಕರ ಹೆಸರು ಅವರ ಕಣ್ಣ ಮುಂದೆಯೇ ಬಂದು ನಿಂತಿತು.

"ಫೈಲಿನಾಗ ಇದ್ದದ್ದ ಬಂತು" ಎಂದೆ. "ಅದನ್ನ ಬದಲಿ ಮಾಡ್ರಿ ಅಂತ ಅವತ್ತ ಹೇಳಿದ್ದೆ. ರೂಟ್ ಇದ್ರ ನಾನ ಮಾಡ್ತಿದ್ದೆ, ಅದನ್ನ ನನ್ನ ಕೈಲಿಂದ ಕಸಗೊಂಡಿದ್ರಿ. ಈಗ ನೀವೂ ಹಳೇ ಮಾಲೀಕ್ರ ಕಡೆಯವ್ರೇನ್ರಿ ಸರ?"

ಕೊನೆಯ ಮಾತು ಆಡಬಾರದಿತ್ತು ಎಂದು ಆಮೇಲೆ ಎಷ್ಟೋ ಜನ ಹೇಳಿದರು. ಆಡಿದ್ದಕ್ಕೆ ನನಗೆ ಇವತ್ತಿಗೂ ಖುಷಿ ಇದೆ.

ಮ್ಯಾನೇಜರ್ ಹುಲಿಗೆಪ್ಪನ ಗೇಟ್ ಪಾಸ್ ವಾಪಸ್ ಕೊಡಿಸಿದರು, ಸೋಮವಾರದಿಂದ ಕೆಲಸಕ್ಕೆ ಬಾ ಎಂದರು. ಅವನ ಹೆಸರಿನ ಮುಂದೆ ಏನೂ ಬರೆಯಬಾರದು ಎಂದು ಎಲ್ಲರ ಎದುರಿಗೇ ಹೇಳಿಸಿದೆ. ಆಮೇಲೆ ಮ್ಯಾನೇಜರ್ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. "ಸರೋಜಮ್ಮ, ನೀವು ಹೇಳಿದ್ದು ಖರೆ. ಹೇಳಿದ ರೀತಿ ಸರಿಯಿಲ್ಲ. ಸಾಹೇಬ್ರಿಗೆ ಒಂದು ಕ್ಷಮಾಪಣೆ ಬರೆದುಕೊಡ್ರಿ, ಇಲ್ಲೇ ಇರ್ರಿ. ಇಲ್ಲಾಂದ್ರ ಸಂಡೂರಿನ ಗಣಿ ಆಫೀಸಿಗೆ ಹೋಗಬೇಕಾಗ್ತದೆ" ಎಂದರು. ಗಣಿ ಆಫೀಸಿನಲ್ಲಿ ಕೆಂಪು ಧೂಳು ತಿನ್ನುವ ಒಂದು ಮುದಿ ಕಂಪ್ಯೂಟರ್ ಬಿಟ್ಟರೆ ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. ಹೊಸಪೇಟೆಯಿಂದ ದಿನವೂ ಬಸ್ಸು ಹತ್ತಿ ಇಳಿಯಬೇಕು.

"ಬರೆಯೋದಿಲ್ರಿ ಸರ. ಸಂಡೂರಿಗೆ ಹೋಗ್ತೀನಿ."

ಈಗ ಈ ಕೆಲಸದ ರೀತಿಯೇ ಬದಲಾಗಿದೆ. ಹೆಸರು, ಪಾಸ್‌ವರ್ಡ್ ಎಲ್ಲವೂ ಎಲ್ಲೋ ದೂರದ ಸರ್ವರಿನಲ್ಲಿ. ಆ ಎರಡು ಸಿಸ್ಟಂ ಕಾಲ್ ಈಗಲೂ ಪ್ರತಿ ಯಂತ್ರದೊಳಗೆ ಇವೆ, ಅವನ್ನು ಬಳಸುವವರು ಕಡಿಮೆ. ಹೊಸ ಹುಡುಗರಿಗೆ ಅವುಗಳ ಪರಿಚಯ ಇಲ್ಲದಿದ್ದರೂ ನಡೆಯುತ್ತದೆ. ಆದರೆ ನಿಮ್ಮ ಮುಂದೆಯೂ ಒಂದು ದಿನ ಅಂಥ ಹಾಳೆ ಬಂದೇ ಬರುತ್ತದೆ, ಬೆಣ್ಣೆಯಂಥ ಧ್ವನಿಯೂ ಬರುತ್ತದೆ. ಸಹಿ ಮಾಡಬೇಡಿ. ಮಾಡಿದರೆ ಬಡ್ತಿ ಸಿಗಬಹುದು. ಮಾಡಬೇಡಿ.

ಸೋಮವಾರ ಕೀಲಿಕೈ ಒಪ್ಪಿಸಲು ಕಾರ್ಖಾನೆಗೆ ಹೋದೆ. ಸಂಡೂರಿನ ಬಸ್ಸು ಗೇಟಿನ ಎದುರಿಗೇ ನಿಲ್ಲುತ್ತದೆ. ಒಂದು ಬಸ್ಸು ಬಂತು, ಬಿಟ್ಟೆ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ಹೊಸ ಸಾಹೇಬರ ಕಾರು ಒಳಗೆ ಹೋಗುವಾಗ ನಿಂತಿತು, ಗಾಜು ಇಳಿಯಿತು.

"ಇನ್ನೂ ಹೊರಟಿಲ್ವಾ ಮೇಡಂ?"

"ಹೋಗ್ತೀನ್ರಿ ಸರ. ಒಂದು ಕೆಲಸ ನೋಡೋದೈತಿ."

ಕಾರು ಹೋಯಿತು. ಗೇಟಿನ ಒಳಗೆ ಮೊದಲ ಅದಿರಿನ ಲಾರಿ ವೇಬ್ರಿಡ್ಜಿನ ಮೇಲೆ ಏರಿ ನಿಂತಿತು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಒಂದು ಕೈ ಹೊರಬಂದು ಡ್ರೈವರನಿಗೆ ಚೀಟಿ ಕೊಟ್ಟಿತು, ಆಮೇಲೆ ಹಿಂದಿನ ಲಾರಿಗೆ ಬಾ ಎಂದು ಬೀಸಿತು. ಹುಲಿಗೆಪ್ಪ ನನ್ನನ್ನು ನೋಡಲಿಲ್ಲ, ಲಾರಿಗಳು ಸಾಲಾಗಿ ಕಾಯುತ್ತಿದ್ದವು. ಮುಂದಿನ ಬಸ್ಸಿಗೆ ನಾನು ಕೈ ಮಾಡಿದೆ.